ಅಂಗಾಲು ಮೂಕವಾದಾಗ

2023ರಲ್ಲಿ ಪದ್ಮಶ್ರೀ ಪಡೆದವರಲ್ಲಿ ಗಜಾನನ ಜಗನ್ನಾಥ ಮಾನೆ ಒಬ್ಬರು. ನೌಕಾಪಡೆಯಲ್ಲಿ ದುಡಿದು ಬಂದ ಅವರು ಡೊಂಬಿವಲಿ, ಕಲ್ಯಾಣ್ ಭಾಗದಲ್ಲಿ ಕುಷ್ಠರೋಗ ತಗುಲಿದವರ ನಡುವೆ ಬಹುಕಾಲ ಕೆಲಸ ಮಾಡಿದವರು. ಕುಷ್ಠರೋಗಕ್ಕೆ ಈಗ ಒಳ್ಳೆಯ ಔಷಧವಿದೆ. ಹಾಗಿದ್ದರೂ ರೋಗ ವಾಸಿಯಾದವರಿಗೆ ವರ್ಷಗಟ್ಟಲೆ ನೆರವು ಏಕೆ ಬೇಕು? ಬಡತನ ಒಂದು ಕಾರಣ, ಜನರ ಹೇವರಿಕೆ ಇನ್ನೊಂದು. ಮೂರನೆಯ ಕಾರಣ ಅವರ ಅಂಗಾಲಿನಲ್ಲಿದೆ.

ಮೊದಲ ಎರಡು ಕಾರಣಗಳಿಗೆ ಹಳೆಯ ಇತಿಹಾಸವಿದೆ. 1890ರಲ್ಲಿ ಮುಂಬಯಿಯ ಮುನಿಸಿಪಲ್ ಕಮಿಷನರ್ ಆಕ್‌ವರ್ತ್, ಮನೆಮಠವಿಲ್ಲದ ಕುಷ್ಠರೋಗಿಗಳಿಗಾಗಿ ಮಾಟುಂಗಾದಲ್ಲಿ ಒಂದು ಆಶ್ರಯ ತೆರೆದರು. 1898ರ ಕಾಯಿದೆ ನಿರ್ಗತಿಕ ರೋಗಿಗಳನ್ನು ಹಿಡಿದು ಇಂಥ ಕಡೆ ಕೂಡಿಹಾಕಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಈ ಕಾಯಿದೆಯನ್ನು ಕೇಂದ್ರ ರದ್ದು ಮಾಡಿದ್ದು 2016ರಲ್ಲಿ! ಊರ ಅಂಚಿನಲ್ಲಿ ಕುಷ್ಠರೋಗಿಗಳ ಕಾಲೊನಿಗಳು ಬೆಳೆದದ್ದು ಈ ದೂರ ಇಡುವ ಮನಸ್ಸಿನಿಂದಲೇ.

ಮೂರನೆಯ ಕಾರಣ ತಿಳಿಯಲು ವಿಜ್ಞಾನಕ್ಕೆ ಹೆಚ್ಚು ಕಾಲ ಹಿಡಿಯಿತು. ನಾರ್ವೆಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದ ಬ್ಯಾಕ್ಟೀರಿಯಾ ಚರ್ಮದ ಜೊತೆಗೆ ನರಗಳನ್ನೂ ಹಿಡಿಯುತ್ತದೆ. ಅಂಗಾಲಿಗೆ ಹೋಗುವ ನರ ಸತ್ತರೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ. ಆದರೆ ಅಂಗಾಲಿನ ಕೆಲಸ ನೋವು ತಿಳಿಸುವುದಷ್ಟೇ ಏನು?

ಇಂಗ್ಲೆಂಡಿನ ಶೆರಿಂಗ್ಟನ್ 1906ರ ತಮ್ಮ ಪುಸ್ತಕದಲ್ಲಿ ರಿಫ್ಲೆಕ್ಸ್‌ಗಳ ಬಗ್ಗೆ ವಿವರವಾಗಿ ಬರೆದರು. ಪಾದಕ್ಕೆ ಚುಚ್ಚಿದರೆ ಕಾಲು ತಾನಾಗಿ ಮಡಚಿಕೊಳ್ಳುತ್ತದೆ, ಇನ್ನೊಂದು ಕಾಲು ನೆಟ್ಟಗಾಗಿ ಮೈಯನ್ನು ಹೊರುತ್ತದೆ. ಇಷ್ಟು ಸರಿ. ಆದರೆ ನಡೆಯುವವನಿಗೆ ಇಷ್ಟೇ ಸಾಲದು. ಮೈಭಾರವೆಲ್ಲ ಒಂದೇ ಕಾಲಿನ ಮೇಲಿದ್ದಾಗ ಅದು ಫಕ್ಕನೆ ಮಡಚಿಕೊಂಡರೆ ಮನುಷ್ಯ ಮುಗ್ಗರಿಸಿ ಬೀಳುತ್ತಾನೆ.

ಈ ಗಂಟು ಬಿಚ್ಚಿದ್ದು 1975ರಲ್ಲಿ. ಸ್ವೀಡನ್ನಿನ ಫಾರ್ಸ್‌ಬರ್ಗ್, ಗ್ರಿಲ್ನರ್ ಮತ್ತು ಅವರೊಡನಿದ್ದ ರೊಸಿನ್ಯೋಲ್, ಬೆನ್ನುಹುರಿಗೂ ಮಿದುಳಿಗೂ ಸಂಪರ್ಕ ಕಡಿದ ಬೆಕ್ಕುಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರು. ಪಂಜ ಗಾಳಿಯಲ್ಲಿರುವಾಗ ಅದರ ಮೇಲ್ಭಾಗ ಮುಟ್ಟಿದರೆ ಬೆಕ್ಕು ಕಾಲನ್ನು ಇನ್ನೂ ಮೇಲೆತ್ತಿತು. ಪಂಜ ನೆಲದ ಮೇಲಿರುವಾಗ ಅದೇ ಸ್ಪರ್ಶಕ್ಕೆ ಕಾಲು ನೆಟ್ಟಗಾಗಿ ನೆಲವನ್ನು ಒತ್ತಿತು. ಸ್ಪರ್ಶ ಒಂದೇ, ಉತ್ತರ ಮಾತ್ರ ತಿರುವುಮುರುವು. ಹೆಜ್ಜೆ ಎಲ್ಲಿಗೆ ಬಂದಿದೆ ಎಂಬ ಲೆಕ್ಕವನ್ನು ಬೆನ್ನುಹುರಿಯೇ ಇಟ್ಟಿತ್ತು.

ಮನುಷ್ಯರಲ್ಲೂ ಹೀಗೆಯೇ ಎಂದು 1990ರ ದಶಕದಲ್ಲಿ ಕೆನಡಾದ ಯಾಂಗ್, ಸ್ಟೀನ್, ಝೇರ್ ಮೊದಲಾದವರು ತೋರಿಸಿದರು. ನಡೆಯುತ್ತಿರುವವರ ಪಾದದ ನರಗಳಿಗೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಕಾಲಿನ ಸ್ನಾಯುಗಳನ್ನು ಅಳೆದರು. ಅಂಗಾಲಿನ ನರವನ್ನು ಕೆಣಕಿದಾಗ, ಹೆಜ್ಜೆ ಎತ್ತುವ ಹೊತ್ತಿನಲ್ಲಿ ಪಾದವನ್ನು ಮೇಲೆತ್ತುವ ಸ್ನಾಯು ಚುರುಕಾಯಿತು. ಹೆಜ್ಜೆ ಊರುವ ಹೊತ್ತಿಗೆ ಅದೇ ಸ್ನಾಯು ಸಡಿಲಾಯಿತು. ಪಾದದ ಮೇಲ್ಭಾಗದ ನರವನ್ನು ಕೆಣಕಿದರೆ, ಬೆರಳು ಕಲ್ಲಿಗೆ ಎಡವಿದಾಗ ಆಗುವಂತೆ, ಮೊಣಕಾಲು ಹೆಚ್ಚು ಮಡಚಿ ಕಾಲು ಅಡ್ಡಿಯನ್ನು ದಾಟಿತು. ಇದೆಲ್ಲ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಶುರುವಾಗುತ್ತದೆ. ಥಾಣೆಯ ಒಡೆದ ಫುಟ್‌ಪಾತಿನಲ್ಲಿ, ಮಳೆಗಾಲದ ಕೆಸರಿನಲ್ಲಿ, ರೈಲು ಹಿಡಿಯುವ ಅವಸರದಲ್ಲಿ ನಾವು ಬೀಳದೆ ಹೋಗುವುದರ ಹಿಂದೆ ಚರ್ಮದ ಈ ಚಾಕರಿಯೂ ಇದೆ.

ನರ ಸತ್ತ ಪಾದಕ್ಕೆ ಈ ಸಹಾಯ ಸಿಗುವುದಿಲ್ಲ. ಆಗ ಕಣ್ಣೇ ಅಂಗಾಲಿನ ಕೆಲಸವನ್ನೂ ಮಾಡಬೇಕು. ನೆಲ ನೋಡುತ್ತ ನಡೆಯಬೇಕು, ಕತ್ತಲಾದರೆ ತಡವರಿಸಬೇಕು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳು ತಾನಾಗಿ ಕೊಳೆತು ಉದುರುವುದಿಲ್ಲ, ಅರಿವಿಗೆ ಬಾರದ ಪೆಟ್ಟುಗಳಿಂದ ಸವೆಯುತ್ತದೆ ಎಂದು ತೋರಿಸಿಕೊಟ್ಟರು. ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಅಂಥ ಪಾದಗಳಿಗೆ ಔಷಧದಷ್ಟೇ ಮುಖ್ಯವಾಯಿತು.

1980ರ ದಶಕದಲ್ಲಿ ಬಂದ ಬಹು ಔಷಧ ಚಿಕಿತ್ಸೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. 10,000 ಜನರಿಗೆ ಒಂದಕ್ಕಿಂತ ಕಡಿಮೆ ರೋಗಿಗಳು ಎಂಬ ಗುರಿ ಮುಟ್ಟಿದ್ದೇವೆಂದು ಭಾರತ 2005ರ ಕೊನೆಗೆ ಸಾರಿತು. ಆದರೆ ಸತ್ತ ನರಕ್ಕೆ ಜೀವ ತುಂಬುವ ಮಾತ್ರೆ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಅವರು ರೋಗಿಗಳಲ್ಲ, ನಡೆಯುವ ಹಾದಿಯಲ್ಲಿ ಕಷ್ಟ ಮುಗಿದಿಲ್ಲ. ಕಾಲೊನಿಗಳ ಕೆಲಸ ಇನ್ನೂ ಬೇಕಾಗಿರುವುದು ಇದರಿಂದಲೇ.

ಇದು ಅವರದಷ್ಟೇ ಕಥೆ ಎಂದುಕೊಳ್ಳುವಂತಿಲ್ಲ. ಸಕ್ಕರೆ ಕಾಯಿಲೆಯವರ ಅಂಗಾಲಿಗೆ ವೈದ್ಯರು ಒಂದು ನೈಲಾನ್ ಎಳೆ ಒತ್ತಿ, ಗೊತ್ತಾಗುತ್ತಿದೆಯೇ ಎಂದು ಕೇಳುತ್ತಾರೆ. ಆ ಎಳೆ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಈ 10 ಗ್ರಾಂ ಗಡಿಯನ್ನು ಗೊತ್ತು ಮಾಡಿದ 1986ರ ಅಧ್ಯಯನದಲ್ಲಿ ಮಧುಮೇಹಿಗಳ ಜೊತೆಗೆ ಕುಷ್ಠರೋಗ ತಗುಲಿದವರೂ ಪಾದ ಕೊಟ್ಟಿದ್ದರು. ನಾವು ಊರಾಚೆ ಇಟ್ಟವರ ಕಾಲುಗಳಿಂದ ಕಲಿತದ್ದು ಇಂದು ಡೊಂಬಿವಲಿಯಲ್ಲೂ ನವಿ ಮುಂಬಯಿಯಲ್ಲೂ ಎಷ್ಟೋ ಮನೆಗಳ ಹಿರಿಯರ ಕಾಲುಗಳನ್ನು ಕಾಯುತ್ತಿದೆ. ಆ ಋಣ ನಮ್ಮ ಮೇಲಿದೆ.