ಮುಂಬಯಿ ಬಂದರಿನ ಅಗ್ನಿಪ್ರಳಯ

ಸರಕುಗಳಲ್ಲಿಯೂ ಸಹಜವೈರಿಗಳು ಉಂಟೆಂಬುದನ್ನು ನಮ್ಮ ದೇಶವು ಅತ್ಯಂತ ದಾರುಣವಾಗಿ ಅರಿತುಕೊಂಡದ್ದು 1944ನೆಯ ಇಸವಿಯ ಏಪ್ರಿಲ್ 14ರಂದು. ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್ಡನ್ನು ಬಿಟ್ಟು, ಸುಮಾರು 1,400 ಟನ್ ಸ್ಫೋಟಕಗಳನ್ನೂ ಚಿನ್ನದ ಗಟ್ಟಿಗಳನ್ನೂ ಹೊತ್ತು ಬಂದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು, ಕರಾಚಿಯಲ್ಲಿ ಸಾವಿರಾರು ಹತ್ತಿಯ ಅಂಡಿಗೆಗಳನ್ನು ತುಂಬಿಕೊಂಡು ಮುಂಬಯಿಯ ವಿಕ್ಟೋರಿಯಾ ಡಾಕನ್ನು ಸೇರಿತ್ತು. ಕೆಳಗೆ ಹತ್ತಿ, ಮೇಲೆ ಮದ್ದು! ಆಗ ನಡೆಯುತ್ತಿದ್ದ ಮಹಾಯುದ್ಧದ ತ್ವರೆಯೇ ಇದಕ್ಕೆ ಕಾರಣವೆನ್ನಬಹುದಾದರೂ, ಆ ಕಾರಣವು ಸಮಾಧಾನವನ್ನು ಕೊಡುವಂತಹುದಲ್ಲ. ಸ್ಫೋಟಕಗಳಿರುವುದನ್ನು ಸಾರುವ ಕೆಂಪು ಬಾವುಟವೂ ಹಾರುತ್ತಿರಲಿಲ್ಲ.

ಅಂದು ಮಧ್ಯಾಹ್ನ ಹಡಗಿನಲ್ಲಿ ಕಾಣಿಸಿದ ಹೊಗೆಯ ಮೂಲವನ್ನು ಮುಟ್ಟಲಾರದೆ, ಸುರಿದ ನೀರೇ ಕುದಿಯುತ್ತಿದ್ದರೂ ಹಿಮ್ಮೆಟ್ಟದ ಅಗ್ನಿಶಾಮಕರು, 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿದಾಗ ಅದರ ಬಳಿಯಲ್ಲಿಯೇ ಇದ್ದರು. ಅರ್ಧಗಂಟೆಯೊಳಗೆ ಇನ್ನೊಂದು ಸ್ಫೋಟವಾಯಿತು. ಮಡಿದ 700ಕ್ಕೂ ಮಿಕ್ಕ ಜನರಲ್ಲಿ 66 ಮಂದಿ ಅಗ್ನಿಶಾಮಕರು. ಅವರ ಸ್ಮರಣೆಗಾಗಿಯೇ ಭಾರತದಲ್ಲಿ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸಲಾಗುತ್ತದೆ. ಚಿನ್ನದ ಗಟ್ಟಿಯೊಂದು ಹಾರಿ, ಸುಮಾರು ಒಂದು ಮೈಲಿ ದೂರದ ಮನೆಯೊಂದರ ಮಾಡನ್ನು ಭೇದಿಸಿತು.

ಇಂತಹ ಅನಾಹುತಗಳನ್ನು ತಡೆಯುವ ದಿಕ್ಕಿನಲ್ಲಿ ಮುಂದೆ 1956ರಲ್ಲಿ ವಿಶ್ವಸಂಸ್ಥೆಯ ತಜ್ಞಸಮಿತಿಯು ಅಪಾಯಕಾರಿ ಸರಕುಗಳ ಸಾಗಣೆಯ ಶಿಫಾರಸುಗಳನ್ನು ಪ್ರಕಟಿಸಿತು. 1965ರಲ್ಲಿ ಸಮುದ್ರಯಾನಕ್ಕೆ ಪ್ರತ್ಯೇಕ ಸಂಹಿತೆಯೊಂದು ಅಂಗೀಕೃತವಾಯಿತು. ಈ ನಿಯಮಗಳಿಂದಾಗಿ ಈಗ ಆಮ್ಲದ ಪೀಪಾಯಿಯೊಂದು ಲಾರಿಯಿಂದ ರೈಲಿಗೆ, ರೈಲಿನಿಂದ ಹಡಗಿಗೆ ಏರಿದರೂ ಅದರ ಮೈಮೇಲಿನ ಅಪಾಯಸೂಚಕವಾದ ವಜ್ರಾಕೃತಿಯ ಚೀಟಿಯೂ ಸರಕನ್ನು ಗುರುತಿಸುವ ನಾಲ್ಕಂಕಿಯ ಸಂಖ್ಯೆಯೂ ಬದಲಾಗವು. ಹೊರುವ ಕೂಲಿಯಿಂದ ಕಪ್ತಾನನವರೆಗೆ ಎಲ್ಲರೂ ಅದೇ ಎಚ್ಚರಿಕೆಯನ್ನು ಕಾಣುತ್ತಾರೆ.