ಖಾನಾವಳಿಯ ಉದ್ರಿ: ಮುಂಬಯಿಯ ಸ್ತ್ರೀ ಉದ್ಯಮಶೀಲತೆಯ ಕುರಿತು ಒಂದು ಪುನರ್ವಿಚಾರ

ಮುಂಬಯಿಯ ಭೋಜನೋದ್ಯಮದಲ್ಲಿ ಕನ್ನಡಿಗರ ಪಾತ್ರವನ್ನು ಪ್ರಸ್ತಾಪಿಸುವಾಗ, ಮಾಟುಂಗದ ರೈಲು ನಿಲ್ದಾಣದ ಸಮೀಪದಲ್ಲಿ ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರು ಮೊದಲು ಬರುವುದು ಸಹಜವೇ. ಫಲಕವೂ ಪರವಾನಗಿಯೂ ಲೆಕ್ಕದ ಪುಸ್ತಕವೂ ಉಳ್ಳ ಇಂಥ ಸಂಸ್ಥೆಗಳನ್ನು ಆಧಾರವಾಗಿಟ್ಟುಕೊಂಡು ಉದ್ಯಮದ ಚರಿತ್ರೆ ರಚಿತವಾಗುವುದೂ ಅಷ್ಟೇ ಸಹಜ. ಆದರೆ ಮಾಟುಂಗದಿಂದ ದಕ್ಷಿಣಕ್ಕೆ ದಾದರ, ಪರಳ, ಲಾಲಬಾಗಗಳಲ್ಲಿ ಹಬ್ಬಿದ್ದ ಗಿರಣಗಾಂವಿನಲ್ಲಿ, ಸಂಸಾರವನ್ನು ಹಳ್ಳಿಯಲ್ಲಿ ಬಿಟ್ಟು ಒಂಟಿಯಾಗಿ ಬಂದ ಗಿರಣಿ ಕಾರ್ಮಿಕರಿಗೆ ಚಾಳಿನ ಒಂದೇ ಕೋಣೆಯಲ್ಲಿ ಎರಡು ಹೊತ್ತು ಬೇಯಿಸಿ ಬಡಿಸುತ್ತಿದ್ದ ಖಾನಾವಳಿಯ ಹೆಂಗಸರನ್ನು ಉದ್ಯಮಿಗಳೆಂದು ಎಣಿಸಬೇಕೇ, ಗೃಹಿಣಿಯರೆಂದೇ ಎಣಿಸಬೇಕೇ ಎಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆ.

ಪೂರ್ವಸೂರಿಗಳ ಸಾಮಾನ್ಯ ನಿಲುವುಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ಆಧುನಿಕೀಕರಣದ ಫಲವು ಸ್ತ್ರೀಯರಿಗೆ ತಾನಾಗಿಯೇ ದೊರೆಯದು, ಅನೇಕ ವೇಳೆ ಅದು ಅವರನ್ನು ಬದಿಗೊತ್ತುತ್ತದೆ ಎಂದು ಎಸ್ಟರ್ ಬೋಸರಪ್ 1970ರಲ್ಲಿ ಪ್ರತಿಪಾದಿಸಿದರು. ಆರ್ಥಿಕ ಬೆಳವಣಿಗೆಯ ಮೊದಲ ಘಟ್ಟದಲ್ಲಿ ಸ್ತ್ರೀಯರ ದುಡಿಮೆಯ ಪ್ರಮಾಣ ಇಳಿದು ಅನಂತರ ಏರುತ್ತದೆಂದು ಕ್ಲಾಡಿಯಾ ಗೋಲ್ಡಿನ್ 1995ರಲ್ಲಿ ನಿರೂಪಿಸಿದರು. ನಮ್ಮ ವಿವಾದಕ್ಕೆ ನೇರವಾಗಿ ಸಂಬಂಧಿಸಿದುದು ಮರಿಯಾ ಮೀಸ್ ಅವರ 1982ರ ಕೃತಿ. ಆಂಧ್ರದ ನರಸಾಪುರದಲ್ಲಿ ಲೇಸು ಹೆಣೆಯುವ ಸ್ತ್ರೀಯರು ಲೋಕದ ಮಾರುಕಟ್ಟೆಗಾಗಿ ದುಡಿದರೂ ‘ಮನೆಯಲ್ಲಿ ಕುಳಿತವರು’ ಎನಿಸಿಕೊಂಡರು, ಆ ಕಾರಣದಿಂದಲೇ ಅವರ ದುಡಿಮೆ ಅಗ್ಗವಾಯಿತು ಎಂಬ ಅವರ ನಿರ್ಣಯ ಆ ಊರಿನ ಮಟ್ಟಿಗೆ ಅಲ್ಲಗಳೆಯಲಾಗದ್ದು. ಅದನ್ನು ಹೊಸ್ತಿಲೊಳಗಿನ ಸಕಲ ವೃತ್ತಿಗಳಿಗೂ ಅನ್ವಯಿಸುವ ಪ್ರವೃತ್ತಿಯನ್ನು ಮಾತ್ರ ನಾನು ಒಪ್ಪಲಾರೆ.

ದುಡಿಮೆ ಮನೆಯೊಳಗೋ ಹೊರಗೋ ಎಂಬುದಕ್ಕಿಂತ, ಬೆಲೆಯನ್ನು ಕಟ್ಟುವವರು ಯಾರು, ಸರಕು ಕೊಳ್ಳುವುದಕ್ಕೂ ಹಣ ಕೈಸೇರುವುದಕ್ಕೂ ನಡುವಿನ ಅಪಾಯವನ್ನು ಹೊರುವವರು ಯಾರು, ಗಿರಾಕಿಗೆ ಉದ್ರಿ ಕೊಡುವವರು ಯಾರು ಎಂಬ ಮೂರು ಪ್ರಶ್ನೆಗಳೇ ಉದ್ಯಮಶೀಲತೆಯ ನಿಜವಾದ ಒರೆಗಲ್ಲು. ನರಸಾಪುರದಲ್ಲಿ ಈ ಮೂರೂ ವ್ಯಾಪಾರಿಯ ಕೈಯಲ್ಲಿದ್ದುವು. 1959ರ ಮಾರ್ಚ್ 15ರಂದು ಗಿರಗಾಂವಿನಲ್ಲಿ ಏಳು ಮಂದಿ ಸ್ತ್ರೀಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಸಂಸ್ಥೆಯಲ್ಲಿ, ಹದವಾಗಿ ನಾದಿದ ಹಿಟ್ಟನ್ನು ಶಾಖೆಯಿಂದ ಒಯ್ದು ಮನೆಯಲ್ಲಿ ಹಪ್ಪಳ ಲಟ್ಟಿಸಿ ಮರಳಿಸುವ ಸದಸ್ಯೆಗೆ ಲಟ್ಟಿಸಿದ ಕೂಲಿಯೂ ಲಾಭದ ಪಾಲೂ ಸಲ್ಲುತ್ತವೆಯಾದರೂ, ಬೆಲೆಯ ಮತ್ತು ಮಾರಾಟದ ಹೊಣೆ ಸಂಸ್ಥೆಯದು. ಅಲ್ಲಿನ ಉದ್ಯಮಿತ್ವ ಸಾಮೂಹಿಕವಾದುದು. ಖಾನಾವಳಿಯಲ್ಲಾದರೋ ಮೂರು ಹೊಣೆಗಳೂ ಒಬ್ಬಳ ಮೇಲೆಯೇ ಬೀಳುತ್ತವೆ: ಕಿರಾಣಿ ಅಂಗಡಿಯಿಂದ ಅಕ್ಕಿ, ಬೇಳೆ, ಎಣ್ಣೆಯನ್ನು ಉದ್ರಿಯಾಗಿ ತರುವವಳೂ, ತಿಂಗಳ ಊಟದ ದರವನ್ನು ಗೊತ್ತುಮಾಡುವವಳೂ, ಪಗಾರದ ದಿನದವರೆಗೆ ಕಾದು ವಸೂಲಿ ಮಾಡುವವಳೂ ಅವಳೇ.

ಇಲ್ಲಿಂದ ಮುಂದಿನ ನನ್ನ ಪ್ರತಿಪಾದನೆ ತುಸು ದಿಟ್ಟವಾದುದು. ಸಹಸ್ರ ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವಲ್ಲಿ, ವೇತನಾವಧಿ ಮುಗಿದು ಹತ್ತನೆಯ ದಿನದೊಳಗೆ ಸಂಬಳ ಕೊಟ್ಟರೆ ಸಾಕೆಂದು 1936ರ ವೇತನ ಪಾವತಿ ಕಾಯಿದೆ ವಿಧಿಸಿತ್ತು. ಜನವರಿ 1ರಂದು ಕೆಲಸಕ್ಕೆ ಸೇರಿದವನ ಕೈಗೆ ಮೊದಲ ಪಗಾರ ಫೆಬ್ರವರಿ 10ರಂದು ಬರಬಹುದು. ಅಷ್ಟರಲ್ಲಿ ಅವನು ಸುಮಾರು 80 ಊಟಗಳನ್ನು ಉದ್ರಿಯಾಗಿ ಉಂಡಿರುತ್ತಾನೆ. ಗಿರಣಿಯ ಮಾಲೀಕನು ಮುಂಗಡವಾಗಿ ಪಡೆದ ದುಡಿಮೆಗೆ ಆಧಾರವಾದ ಅನ್ನವನ್ನು ಖಾನಾವಳಿಯವಳೇ ಮುಂಗಡವಾಗಿ ಒದಗಿಸಿದಳೆಂದ ಮೇಲೆ, ಅವಳು ಗಿರಣಿಯ ಅನಾಮಧೇಯ ಸಾಲದಾತೆಯೂ ಆಗಿದ್ದಳೆಂದು ಹೇಳಬಹುದೆಂದು ತೋರುತ್ತದೆ. ಈ ಮಾತಿಗೆ ಮಿತಿಗಳಿವೆ. ಎಲ್ಲ ಖಾನಾವಳಿಗಳೂ ಒಂದೇ ಕ್ರಮದಲ್ಲಿ ನಡೆಯುತ್ತಿದ್ದುವೆಂದು ಭಾವಿಸಲಾಗದು. ಆ ಉದ್ರಿಯ ಒಂದು ಭಾಗವನ್ನು ಕಿರಾಣಿಯವನೂ, ಒಡವೆಯನ್ನು ಅಡವಿರಿಸಿಕೊಂಡು ಬಡ್ಡಿ ಸುಲಿಯುತ್ತಿದ್ದ ಸಾಹುಕಾರನೂ ಒದಗಿಸುತ್ತಿದ್ದರು. ಬಂದ ಲಾಭವು ಬಂಡವಾಳವಾಗಿ ಬೆಳೆಯದೆ ಬಡ್ಡಿಗೂ ಸಂಸಾರಕ್ಕೂ ಕರಗಿಹೋಗುತ್ತಿತ್ತು. ಆದಕಾರಣ, ಅವಳು ಕಾರ್ಯದಿಂದ ಉದ್ಯಮಿ, ಸಂಚಯದಿಂದಲ್ಲ ಎಂಬಷ್ಟಕ್ಕೇ ನನ್ನ ವಾದ ಸೀಮಿತ.

ಈ ವಾದಕ್ಕೆ ಪುಷ್ಟಿ ಕೊಡುವುದು ಅನ್ನಪೂರ್ಣಾ ಮಹಿಳಾ ಮಂಡಳದ ಚರಿತ್ರೆ. 1969ರಲ್ಲಿ ಕೆನರಾ, ಸಿಂಡಿಕೇಟುಗಳೂ ಸೇರಿದಂತೆ 14 ಬ್ಯಾಂಕುಗಳು ರಾಷ್ಟ್ರೀಕೃತವಾಗಿ, 1972ರಲ್ಲಿ ಬಡವರಿಗೆ ಶೇಕಡಾ 4ರ ಬಡ್ಡಿಯ ಸಾಲಯೋಜನೆ ಜಾರಿಗೆ ಬಂದಮೇಲೆ, ಪ್ರೇಮಾ ಪುರವ ಅವರು 1975ರಲ್ಲಿ ಖಾನಾವಳಿಯ ಸ್ತ್ರೀಯರನ್ನು ಈ ಮಂಡಳದಡಿ ಸಂಘಟಿಸಿ ಅವರಿಗೆ ಬ್ಯಾಂಕಿನ ಸಾಲ ದೊರಕಿಸಿದರು. ಸಾಲವು ಅವರನ್ನು ಉದ್ಯಮಿಗಳನ್ನಾಗಿ ಮಾಡಿತೆನ್ನುವುದು ಕಾರ್ಯಕಾರಣವನ್ನು ತಲೆಕೆಳಗು ಮಾಡಿದಂತೆ. ಮೊದಲೇ ಇದ್ದ ಉದ್ಯಮದ ಮೇಲಿನ ಬಡ್ಡಿಯ ಭಾರವನ್ನು ಅದು ಇಳಿಸಿತು, ಅಷ್ಟೆ. ದಿನದ ಚಿಲ್ಲರೆ ಸಂಪಾದನೆಯವರೂ ಬ್ಯಾಂಕಿಗೆ ಯೋಗ್ಯರೆಂಬುದನ್ನು ನಮ್ಮ ಕರಾವಳಿ 1928ರಷ್ಟು ಹಿಂದೆಯೇ, ಸಿಂಡಿಕೇಟಿನ ಪಿಗ್ಮಿ ಠೇವಣಿಯ ಮೂಲಕ, ಕಂಡುಕೊಂಡಿತ್ತು. ಉಳಿತಾಯದಲ್ಲಿ ಮನ್ನಿಸಿದ ಆ ಯೋಗ್ಯತೆಯನ್ನು ಸಾಲದಲ್ಲಿಯೂ ಮನ್ನಿಸುವುದು ಉಳಿದಿತ್ತು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಪಗಾರ ನಿಂತಾಗ ಖಾನಾವಳಿಯ ಉದ್ರಿಯೂ ಕಂತಿಲ್ಲದೆ ನಿಂತಿತು. ಗಿರಾಕಿಯ ನಷ್ಟವು ತನ್ನ ನಷ್ಟವಾಗುವ ಈ ಸ್ಥಿತಿ ಕೂಲಿಯವಳದಲ್ಲ, ವ್ಯವಹಾರ ನಡೆಸುವವಳದು.

ಒಂದು ಪ್ರಶ್ನೆಯನ್ನು ಮುಂದಿನವರಿಗೆ ಬಿಡುತ್ತೇನೆ. ಮಾಟುಂಗದ ಕನ್ನಡ ಮನೆಗಳಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳನ್ನು ಮಾಡಿ ಪರಿಚಿತರಿಗೆ ಮಾರುವ ಸ್ತ್ರೀಯರು ನರಸಾಪುರ, ಲಿಜ್ಜತ್, ಖಾನಾವಳಿ ಎಂಬ ಈ ಮೂರು ನೆಲೆಗಳಲ್ಲಿ ಎಲ್ಲಿ ನಿಲ್ಲುತ್ತಾರೆ? ಬೆಲೆ ಅವರದೇ, ಅಪಾಯವೂ ಅವರದೇ. ಆದರೆ ದಾಕ್ಷಿಣ್ಯ ಬೆರೆತ ಆ ವ್ಯವಹಾರದಲ್ಲಿ ಉದ್ರಿಯೆಲ್ಲಿ ಮುಗಿಯಿತು, ಉಪಕಾರವೆಲ್ಲಿ ಮೊದಲಾಯಿತು ಎಂದು ನಿರ್ಣಯಿಸುವುದು ಸುಲಭವಲ್ಲ. 1926ರಿಂದ ಇಲ್ಲಿ ನೆಲೆನಿಂತಿರುವ ಮೈಸೂರು ಅಸೋಸಿಯೇಷನ್ನಿನಂಥ ಸಂಸ್ಥೆಗಳು ಹಿರಿಯ ಸ್ತ್ರೀಯರ ಬಾಯಿಂದಲೇ ಅವರ ಲೆಕ್ಕಾಚಾರವನ್ನು ಬರೆದುಕೊಂಡರೆ, ಇಲ್ಲಿ ಮಂಡಿಸಿದ ಒರೆಗಲ್ಲು ಅಲ್ಲಿಯೂ ಸಲ್ಲುವುದೇ ಎಂಬುದು ಪರೀಕ್ಷೆಗೆ ಒಳಪಟ್ಟೀತು.