ನಮ್ಮೂರ ಹಂಚು, ಮುಂಬಯಿಯ ಮಾಡು

ಮುಂಬಯಿಗೆ ಬಂದ ಹೊಸದರಲ್ಲಿ ನನಗೆ ಊರಿನ ನೆನಪು ತಂದದ್ದು ಇಲ್ಲಿಯ ಚಾಳುಗಳ ಕೆಂಪು ಮಾಡು. ಗಿರ್‌ಗಾಂವ್, ಪರೇಲ್, ಬಾಂದ್ರಾ... ಎಲ್ಲಿ ನೋಡಿದರೂ ನಮ್ಮದೇ ಹಂಚು! ಇಲ್ಲಿಯ ಮರಾಠಿಗರು ಅದನ್ನು 'ಮಂಗಳೂರಿ ಕೌಲ' ಎನ್ನುತ್ತಾರೆ. ಊರು ಬಿಟ್ಟು ಬಂದವರಲ್ಲಿ ನಾವೇ ಮೊದಲಿಗರೇನಲ್ಲ, ನಮಗಿಂತ ಮೊದಲೇ ನಮ್ಮ ಮಣ್ಣು ಇಲ್ಲಿಗೆ ಬಂದಿತ್ತು.

ಇದರ ಕಥೆ ಶುರುವಾಗುವುದು 1865ರಲ್ಲಿ. ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಬಳಿ, ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದ. ಮತಾಂತರಗೊಂಡು ಜಾತಿಯ ಕಸುಬು ಕಳೆದುಕೊಂಡವರಿಗೆ ಕೆಲಸ ಕೊಡುವುದು ಮಿಶನ್ನಿನ ಉದ್ದೇಶ. ಒಂದರ ಅಂಚಿನೊಳಗೆ ಇನ್ನೊಂದು ಕೂರುವ ಈ ಮಾದರಿ ಯುರೋಪಿನದು, ಅಲ್ಸಾಸಿನ ಜಿಲಾರ್ಡೋನಿ ಸಹೋದರರು 1841ರಲ್ಲಿ ಕಂಡುಹಿಡಿದದ್ದು. ಮಣ್ಣು ಮಾತ್ರ ನಮ್ಮ ಹೊಳೆದಡದ್ದು. 1868ರಲ್ಲಿ ಅಲ್ಬುಕರ್ಕ್ ಅವರ ಕಾರ್ಖಾನೆ ಬಂತು. ಆಮೇಲೆ ಕುಂದಾಪುರದವರೆಗೂ ಹಂಚಿನ ಚಿಮಣಿಗಳು ಎದ್ದವು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ, ಅದೂ ಮದ್ರಾಸಿನ ಕಡೆಯಿಂದ. ಹೀಗಾಗಿ ಹಂಚು ಮುಂಬಯಿಗೆ ಬರುತ್ತಿದ್ದುದು ಸಮುದ್ರದ ಮೇಲೆ, ಹಾಯಿಯ ಹಡಗುಗಳಲ್ಲಿ. ಮೊದಲ ಮಹಾಯುದ್ಧದ ಗದ್ದಲದಲ್ಲಿ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆದರೂ ಹಂಚು ಬರುವುದು ನಿಲ್ಲಲಿಲ್ಲ.

ಇಷ್ಟೆಲ್ಲ ಹೆಮ್ಮೆಯಿಂದ ಹೇಳುವ ನಾನು ಒಂದು ಮಳೆಗಾಲ ಅದೇ ಹಂಚಿಗೆ ಹಿಡಿಶಾಪ ಹಾಕಿದ್ದೆ!

1980ರ ಆಸುಪಾಸು. ಪಾರ್ಲೆಯ ಒಂದು ಚಾಳಿನ ಮೇಲಿನ ಮಾಳಿಗೆಯಲ್ಲಿ ನಮ್ಮ ಬಿಡಾರ. ಮೇ ತಿಂಗಳಲ್ಲಿ ಮಾಡು ಬಿಚ್ಚಿ ಹೊಸದಾಗಿ ಹೊದಿಸಿದರು. ಜೂನಿನ ಮೊದಲ ಮಳೆಗೇ ಏಳು ಕಡೆ ಸೋರಿತು. ಪಾತ್ರೆ, ಬಾಲ್ದಿ, ಕೊನೆಗೆ ಅನ್ನದ ತಪ್ಪಲೆ ಕೂಡ ನೆಲದ ಮೇಲೆ. ಮಗಳ ತೊಟ್ಟಿಲನ್ನು ರಾತ್ರಿ ನಾಲ್ಕು ಸಲ ಸರಿಸಿದೆವು. ಗುತ್ತಿಗೆದಾರನ ಉತ್ತರ: "ಹೊಸ ಹಂಚು, ನೀರು ಕುಡಿದ ಮೇಲೆ ಸರಿಯಾಗುತ್ತೆ."

ಪಕ್ಕದ ಗಲ್ಲಿಯಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದರು. ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಏಣಿ ಹತ್ತಿ ನಾಲ್ಕು ಹಂಚು ಎತ್ತಿದರು. ಬೆರಳ ಗಂಟಿನಿಂದ ಬಡಿದು ಕೇಳಿದರು. ಚೆನ್ನಾಗಿ ಬೆಂದದ್ದಾದರೆ ಠಣ್ ಎನ್ನಬೇಕು, ಹಸಿಯಾದರೆ ಬೊದ್ದು ಸದ್ದು. ನಮ್ಮವು ಠಣ್ ಎಂದವು. ಆಮೇಲೆ ಮಗುಚಿ ಹಿಂದೆ ಒತ್ತಿದ ಹೆಸರು ಓದಿ ನಕ್ಕರು.

"ಹಂಚಿನದ್ದು ತಪ್ಪಲ್ಲ ಮಾರಾಯ್ರೆ, ಹೊದಿಸಿದವನದ್ದು. ಎರಡು ಕಾರ್ಖಾನೆಯ ಹಂಚು ಬೆರೆಸಿದ್ದಾನೆ."

ಹಣ ಉಳಿಸಲು ಹಳೆಯ ಹಂಚಿನ ನಡುವೆ ಹೊಸದು ಸೇರಿಸಿದ್ದ. ನೋಡಲು ಒಂದೇ ತರಹ, ಆದರೆ ಒಂದರ ಗಾಡಿಗೆ ಇನ್ನೊಂದರ ಅಂಚು ಕೂರುವುದಿಲ್ಲ, ಕೂದಲೆಳೆಯ ಸಂದು ಉಳಿಯುತ್ತದೆ. ಸಾಲದ್ದಕ್ಕೆ ರೀಪುಗಳ ಅಂತರ ಹೆಚ್ಚು. ಹಂಚಿನ ಅಡಿಯ ಗುಬ್ಬಿ ರೀಪಿಗೆ ಸಿಕ್ಕಿಕೊಂಡರೆ ಮೇಲಿನ ಹಂಚು ಕೆಳಗಿನದನ್ನು ಸಾಕಷ್ಟು ಮುಚ್ಚುತ್ತಿರಲಿಲ್ಲ. ಪಡುವಣ ಗಾಳಿ ನೀರನ್ನು ಮೇಲಕ್ಕೆ ನೂಕಿದಾಗ ಅದು ನೇರ ನಮ್ಮ ತೊಟ್ಟಿಲಿಗೆ!

ಅವರು ಹೇಳಿದ ಉಪಾಯ ಸರಳ: ಹಳೆಯದೆಲ್ಲ ಹಿಂದಿನ ಇಳಿಜಾರಿಗೆ, ಹೊಸದೆಲ್ಲ ಮುಂದಿನದಕ್ಕೆ, ರೀಪು ಆಯಾ ಹಂಚಿನ ಅಳತೆಗೆ. ಮಳೆ ಬಿಟ್ಟ ಎರಡು ದಿನದಲ್ಲಿ ಕೆಲಸ ಮುಗಿಯಿತು. ದುಡ್ಡು ಬಾಡಿಗೆದಾರರದ್ದೇ. ಮಾಲೀಕರನ್ನು ಬೈದು ಪ್ರಯೋಜನವಿರಲಿಲ್ಲ. 1947ರ ಬಾಡಿಗೆ ಕಾಯ್ದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೇ ಕಟ್ಟಿಹಾಕಿತ್ತು. ಬಡವರ ತಲೆಯ ಮೇಲೆ ಸೂರು ಉಳಿಸಿದ್ದೂ ಅದೇ ಕಾಯ್ದೆ, ಆ ಸೂರನ್ನು ರಿಪೇರಿ ಮಾಡುವವರಿಲ್ಲದಂತೆ ಮಾಡಿದ್ದೂ ಅದೇ. ಹಂಚಿನ ಮಾಡಿಗೆ ವರ್ಷಕ್ಕೊಮ್ಮೆ ಕೈಯಾಡಿಸಬೇಕು. ಮರಾಠಿಯಲ್ಲಿ ಅದಕ್ಕೆ 'ಶಾಕಾರಣಿ' ಎಂಬ ಹೆಸರೇ ಇದೆ. ಕೈಯಾಡಿಸುವವರು ಕಡಿಮೆಯಾದಂತೆ ನೀಲಿ ತಾಡಪತ್ರಿ ಬಂತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ ಸುರಿದಾಗ ನನಗೆ ಮೊದಲು ನೆನಪಾದದ್ದು ಅಂಥ ಮಾಡುಗಳ ಕೆಳಗಿದ್ದವರು.

ನಮ್ಮ ಚಾಳು ಈಗಿಲ್ಲ, ಆ ಜಾಗದಲ್ಲಿ ಟವರ್ ಎದ್ದಿದೆ. ಆ ಹಿರಿಯರೂ ಇಲ್ಲ. ಕೆಡವುವ ದಿನ ಹೋಗಿ ಒಂದು ಹಂಚು ತಂದಿಟ್ಟುಕೊಂಡೆ. ತೊಟ್ಟಿಲಲ್ಲಿದ್ದ ಮಗಳು "ಇದ್ಯಾಕಪ್ಪಾ?" ಎಂದಳು. ಬಡಿದು ತೋರಿಸಿದೆ. ಠಣ್ ಎಂದಿತು.

ನಿಮ್ಮ ಬೀದಿಯಲ್ಲೂ ಹಳೆ ಚಾಳು ಬೀಳುತ್ತಿದ್ದರೆ ಒಂದು ಹಂಚು ಮಗುಚಿ ನೋಡಿ. ನಿಮ್ಮೂರಿನ ಹೆಸರೇ ಇದ್ದೀತು.